ಕಡ್ಡಿಯ ಮೇಲೆ ಉಳಿದದ್ದು

ಅಮ್ಮ ತೀರಿಕೊಂಡ ವರ್ಷ, ಮಳೆಗಾಲ ಮುಗಿದ ಮೇಲೆ, ಅವಳ ಕಬ್ಬಿಣದ ಟ್ರಂಕನ್ನು ತೆರೆದೆವು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮೇಲೆ ಎರಡು ರೇಷ್ಮೆ ಸೀರೆ, ಅದರ ಕೆಳಗೊಂದು ಹಳೆಯ ಪಂಚಾಂಗ, ಉಳಿದದ್ದೆಲ್ಲ ಉಲ್ಲನ್ನು ಮತ್ತು ನೂಲು. ಒಂದೊಂದಾಗಿ ಎತ್ತಿ ಹಾಸಿಗೆಯ ಮೇಲೆ ಹರಡಿದಾಗ ಲೆಕ್ಕ ಏಳಾಯಿತು. ಒಂದು ತೋಳಿಲ್ಲದ ನೀಲಿ ಸ್ವೆಟರ್. ಗೇಣುದ್ದದ ಬೂದು ಮಫ್ಲರ್. ಜಾಲರಿ ವಿನ್ಯಾಸದ ಅರ್ಧ ಶಾಲು. ಮಗುವಿನದೊಂದು ಕಾಲುಚೀಲ, ಅದರ ಜೋಡಿಯಿಲ್ಲ. ಬಿಸ್ಕತ್ತಿನ ಡಬ್ಬಿಯ ತುಂಬ ಟೇಬಲ್ ಕ್ಲಾತಿಗೆಂದು ಕ್ರೋಶಾದಲ್ಲಿ ಹಾಕಿದ ಬಿಳಿ ಚಕ್ರಗಳು. ಐದು ಗಿಳಿಗಳಲ್ಲಿ ಮೂರು ಮಾತ್ರ ಕೂತಿದ್ದ ಬಾಗಿಲ ತೋರಣ. ಹಾಲಿನ ಪಾತ್ರೆ ಮುಚ್ಚುವ, ಅಂಚಿಗೆ ಮಣಿ ಪೋಣಿಸುವುದೊಂದೇ ಬಾಕಿಯಿದ್ದ ಜಾಲರಿ.

"ಒಂದನ್ನಾದರೂ ಪೂರ್ತಿ ಮಾಡಿಟ್ಟಿದ್ದಾಳಾ ನೋಡು" ಎಂದರು ದೊಡ್ಡಮ್ಮ. ಅದರಲ್ಲಿ ಕೊಂಕಿರಲಿಲ್ಲ, ದುಃಖವೇ ಇತ್ತು. ಆದರೂ ಆ ಮಾತು ನನ್ನಲ್ಲಿ ಕೂತುಬಿಟ್ಟಿತು. ಅಮ್ಮನ ಬಗ್ಗೆ ಮನೆಯಲ್ಲಿದ್ದ ಹಳೆಯ ದೂರೇ ಅದು. ಒಂದು ಹಿಡಿದರೆ ಒಂದು ಬಿಡುತ್ತಾಳೆ, ನಾಲ್ಕು ಕೆಲಸ ಹರಡಿಕೊಂಡು ಕೂರುತ್ತಾಳೆ, ಸ್ಥಿರಬುದ್ಧಿಯಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಗೊತ್ತಿರುವುದು ಒಂದೇ ವಿದ್ಯೆ. ಏನಾದರೂ ಅರ್ಥವಾಗದಿದ್ದರೆ ಅದು ಎಲ್ಲಿಂದ ಬಂತೆಂದು ಹಿಂದಕ್ಕೆ ಹೋಗಿ ನೋಡುವುದು. ಹಾಗೆ ಹೋದೆ. ಏಕಕಾಲಕ್ಕೆ ಹಲವು ಹೆಣಿಗೆ ಹಿಡಿಯುವ ಈ ಅಭ್ಯಾಸ ಅಮ್ಮನ ಸ್ವಭಾವವೋ, ಅಥವಾ ಹೆಣಿಗೆಗೇ ಅಂಥದ್ದೊಂದು ಚರಿತ್ರೆಯಿದೆಯೋ?

ಮೊದಲು ಕಣ್ಣಿಗೆ ಬಿದ್ದದ್ದು ತಾಂತ್ರಿಕವಾದ ಒಂದು ಸಂಗತಿ. ಬಟ್ಟೆ ಮಾಡುವ ಹಳೆಯ ದಾರಿ ಮಗ್ಗ. ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಆ ಬಟ್ಟೆ ಇಳಿಯುವವರೆಗೆ ಮಗ್ಗ ಅದರದ್ದೇ. ಮಧ್ಯದಲ್ಲಿ ಇನ್ನೊಂದನ್ನು ಶುರುಮಾಡಲು ಇನ್ನೊಂದು ಮಗ್ಗ ಬೇಕು, ಅದಕ್ಕೆ ಇನ್ನೊಂದು ಕೋಣೆ ಬೇಕು. ಹೆಣಿಗೆಗೆ ಆ ಕಟ್ಟುಪಾಡಿಲ್ಲ. ಎರಡು ಕಡ್ಡಿ, ಒಂದು ಉಂಡೆ. ಸಾಲಿನ ಕುಣಿಕೆಗಳೆಲ್ಲ (ಅಮ್ಮ ಅವನ್ನು 'ಮನೆ' ಎನ್ನುತ್ತಿದ್ದಳು) ಕಡ್ಡಿಯ ಮೇಲೆ ಜೀವಂತವಾಗಿ ಕೂತಿರುತ್ತವೆ. ಸುತ್ತಿ ಚೀಲಕ್ಕೆ ಹಾಕಿದರೆ ನಾಳೆಯೂ ಅಲ್ಲೇ ಇರುತ್ತವೆ, ಹತ್ತು ವರ್ಷದ ಮೇಲೂ ಅಲ್ಲೇ. ಕ್ರೋಶಾ ಇನ್ನೂ ಸಲೀಸು. ಅದರಲ್ಲಿ ಯಾವ ಕ್ಷಣಕ್ಕೂ ಜೀವವಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆಗೆ. ಅದಕ್ಕೊಂದು ಪಿನ್ನು ಚುಚ್ಚಿಟ್ಟು ಕೊಕ್ಕೆಕಡ್ಡಿಯನ್ನು ಬೇರೆ ಕೆಲಸಕ್ಕೆ ಒಯ್ಯಬಹುದು. ಅಮ್ಮನ ಟ್ರಂಕಿನಲ್ಲೂ ಹಾಗೇ ಇತ್ತು. ಮೂರು ಕ್ರೋಶಾ ಕೆಲಸಗಳಿಗೆ ಒಂದೇ ಕೊಕ್ಕೆಕಡ್ಡಿ. ನಾಲ್ಕು ಹೆಣಿಗೆಗಳು ಮಾತ್ರ ತಂತಮ್ಮ ಕಡ್ಡಿಗಳನ್ನು ಹಿಡಿದಿಟ್ಟುಕೊಂಡಿದ್ದವು. ಕಡ್ಡಿ ಸಾಲದೆ, ಮಗುವಿನ ಕಾಲುಚೀಲವನ್ನು ನಾಲ್ಕು ಸೈಕಲ್ ಸ್ಪೋಕುಗಳ ಮೇಲೆ ಹಾಕಿದ್ದಳು.

ಅಂದರೆ ಅರ್ಧಕ್ಕೆ ನಿಲ್ಲುವುದು ಹೆಣಿಗೆಯ ದೋಷವಲ್ಲ, ಅದರ ಗುಣ. ಈ ಗುಣವನ್ನು ಚರಿತ್ರೆಯಲ್ಲಿ ಯಾರು ಹೇಗೆ ಬಳಸಿಕೊಂಡರು ಎಂಬುದೇ ಮುಂದಿನ ಪ್ರಶ್ನೆ.

ವಸ್ತುಸಂಗ್ರಹಾಲಯಗಳು ಇದಕ್ಕೆ ಸುಲಭವಾಗಿ ಉತ್ತರ ಕೊಡುವುದಿಲ್ಲ. ಅಲ್ಲಿಗೆ ಹೆಚ್ಚಾಗಿ ಸೇರುವುದು ಮುಗಿದ ವಸ್ತುಗಳು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಕೆಂಪು ಉಣ್ಣೆಯ ಕಾಲುಚೀಲಗಳಿವೆ. ಸುಮಾರು ಕ್ರಿ.ಶ. 3ರಿಂದ 5ನೇ ಶತಮಾನದವು. ಚಪ್ಪಲಿಯ ಪಟ್ಟಿ ಕೂರಲೆಂದು ಹೆಬ್ಬೆರಳಿಗೆ ಬೇರೆ ಗೂಡು ಮಾಡಿದ್ದಾರೆ. ನೋಡಿದರೆ ಹೆಣೆದಂತಿದ್ದರೂ ಅವು ಎರಡು ಕಡ್ಡಿಯ ಹೆಣಿಗೆಯಲ್ಲ, ಒಂಟಿ ಸೂಜಿಯಲ್ಲಿ ತುಂಡು ನೂಲಿನಿಂದ ಕುಣಿಕೆ ಹಾಕಿದವು. ಈಗ ನಾವು ಬಲ್ಲ ಹೆಣಿಗೆಯ ಹಳೆಯ ಮಾದರಿಗಳೂ ಈಜಿಪ್ಟಿನವೇ. ಮಧ್ಯಯುಗದ ಇಸ್ಲಾಮಿ ಕಾಲದ, ನೀಲಿ ಬಿಳಿ ಹತ್ತಿನೂಲಿನ ಕಾಲುಚೀಲಗಳು. ಎಲ್ಲವೂ ಸೊಗಸು, ಎಲ್ಲವೂ ಮುಗಿದವು. ಯಾರ ಕೈಯಲ್ಲಿ, ಯಾವ ಕೆಲಸಗಳ ನಡುವೆ ಇವು ಬೆಳೆದವು ಎಂದು ಅವು ಹೇಳುವುದಿಲ್ಲ.

ಅದನ್ನು ಹೇಳುವುದು ಚಿತ್ರಗಳು. ಜರ್ಮನಿಯ ಹ್ಯಾಂಬರ್ಗ್ ಕಲಾಸಂಗ್ರಹಾಲಯದಲ್ಲಿ 1400ರ ಆಸುಪಾಸಿನ ಒಂದು ಚರ್ಚಿನ ಚಿತ್ರಫಲಕವಿದೆ, ಮಾಸ್ಟರ್ ಬರ್ಟ್ರಾಮ್ ಎಂಬ ಕಲಾವಿದನ ಕಡೆಯಿಂದ ಬಂದದ್ದು. ಮೇರಿ ಕೂತು ನಾಲ್ಕು ಕಡ್ಡಿಗಳಲ್ಲಿ ಒಂದು ಅಂಗಿ ಹೆಣೆಯುತ್ತಿದ್ದಾಳೆ. ಮಗು ಏಸು ಪಕ್ಕದಲ್ಲಿ ಪುಸ್ತಕದ ಜೊತೆಗಿದ್ದಾನೆ. ಅತ್ತ ಕಡೆಯಿಂದ ದೇವದೂತರು ಶಿಲುಬೆಯನ್ನೂ ಮೊಳೆಗಳನ್ನೂ ಹಿಡಿದು ಬರುತ್ತಿದ್ದಾರೆ. ಕೊರಳ ಹತ್ತಿರದ ಕೊನೆಯ ಸುತ್ತುಗಳಷ್ಟೇ ಬಾಕಿ. ಮುಂದೇನಾಗುತ್ತದೆಂದು ನೋಡುವವರಿಗೆಲ್ಲ ಗೊತ್ತು. ಅಂಗಿ ಮಾತ್ರ ಆರುನೂರು ವರ್ಷಗಳಿಂದ ಕಡ್ಡಿಯ ಮೇಲೇ ಇದೆ. ಈ ಚಿತ್ರದ ಪಡಿಯಚ್ಚನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ನೀಲಿ ಸ್ವೆಟರ್. ಅದರ ಕಥೆಗೆ ಆಮೇಲೆ ಬರುತ್ತೇನೆ.

ಹೆಣಿಗೆ ಹೆಂಗಸರ ಬಿಡುವಿನ ಕೆಲಸ ಎಂಬುದು ತೀರ ಈಚಿನ ಎಣಿಕೆ. ಯುರೋಪಿನ ಹಲವು ಊರುಗಳಲ್ಲಿ ಅದು ಗಂಡಸರ ಸಂಘಗಳ ಹಿಡಿತದಲ್ಲಿದ್ದ ಕಸುಬಾಗಿತ್ತು. ಜರ್ಮನ್ ಭಾಷೆಯ ಪ್ರದೇಶಗಳಲ್ಲಿ, ಅಲ್ಸಾಸ್ ಪ್ರಾಂತ್ಯದಲ್ಲಿ, ಉಮೇದುವಾರನು ಗುರು ಎನಿಸಿಕೊಳ್ಳಬೇಕಾದರೆ ಪರೀಕ್ಷೆಗೆಂದು ಹಲವು ವಸ್ತುಗಳನ್ನು ಹೆಣೆದು ಒಪ್ಪಿಸಬೇಕಿತ್ತು. ಟೋಪಿ, ಕಾಲುಚೀಲಗಳಂಥ ಉಡುಪುಗಳ ಜೊತೆಗೆ ಹೂಬಳ್ಳಿ ಮೃಗಪಕ್ಷಿಗಳ ಒಂದು ದೊಡ್ಡ ಜಮಖಾನೆಯೂ ಸೇರಿರುತ್ತಿತ್ತು. 1781ರ ಅಂಥದ್ದೊಂದು ಜಮಖಾನೆ ಲಂಡನ್ನಿನ ಅದೇ ಮ್ಯೂಸಿಯಮ್ಮಿನಲ್ಲಿದೆ. ಅಲ್ಲೂ ಕೆಲಸ ಒಂದಲ್ಲ, ಹಲವು. ಆದರೆ ಅವನ್ನು 'ಸ್ಥಿರಬುದ್ಧಿಯಿಲ್ಲದವರು' ಎಂದು ಯಾರೂ ಕರೆಯಲಿಲ್ಲ, ಏಕೆಂದರೆ ಅವರಿಗೆ ಗಡುವು ಇತ್ತು, ಕೊನೆಯಲ್ಲೊಂದು ಪದವಿ ಇತ್ತು.

ಬಡವರ ಹೆಣಿಗೆಯ ಕಥೆ ಬೇರೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಕಂಡುಹಿಡಿದನೆಂದು ಪ್ರತೀತಿ. ಆದರೂ ಕೈಹೆಣಿಗೆ ಅದರ ಮುಂದೆ ಮುನ್ನೂರು ವರ್ಷ ಸಾಯಲಿಲ್ಲ, ಏಕೆಂದರೆ ಅದರ ಕೂಲಿ ಅಷ್ಟು ಅಗ್ಗ. ಯಾರ್ಕ್‌ಷೈರಿನ ಕಣಿವೆಗಳಲ್ಲಿ, ಡೆಂಟ್ ಎಂಬ ಊರಿನ ಸುತ್ತ, ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ಹೆಣೆಯುತ್ತಿದ್ದರು. ಸೊಂಟಕ್ಕೆ ಕೆತ್ತನೆಯ ಮರದ ಗೂಟವೊಂದನ್ನು ಸಿಕ್ಕಿಸಿ, ಅದರ ತೂತಿಗೆ ಒಂದು ಕಡ್ಡಿಯ ತುದಿ ಊರಿ, ದನ ಅಟ್ಟುತ್ತ, ಸಂತೆಗೆ ನಡೆಯುತ್ತ ಹೆಣಿಗೆ ಮುಂದುವರಿಸುತ್ತಿದ್ದರು. ಸಂಜೆ ಬೆಂಕಿಯ, ದೀಪದ ಖರ್ಚು ಉಳಿಸಲು ಒಂದೇ ಮನೆಯಲ್ಲಿ ಕೂಡುತ್ತಿದ್ದರು. ಇವರಿಗೆ ಏಕಕಾಲಕ್ಕೆ ಹಲವು ಕೆಲಸಗಳಿದ್ದವು, ಹಲವು ಹೆಣಿಗೆಗಳಿರಲಿಲ್ಲ. ಕಾಲುಚೀಲ ಮುಗಿದರಷ್ಟೇ ಕಾಸು. ಅರ್ಧ ಕಾಲುಚೀಲವನ್ನು ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿ ಮುಗಿಸಿದರೂ ಕಾಸು ಖಾತ್ರಿಯಿರಲಿಲ್ಲ. ಉರುವಲಿನ ಪೀಟ್ ಮಣ್ಣಿನ ಬುಟ್ಟಿಯನ್ನು ಬೆನ್ನಿಗೆ ಹೊತ್ತು, ಎರಡೂ ಕೈಗಳಲ್ಲಿ ಹೆಣೆಯುತ್ತ ನಡೆವ ಅಲ್ಲಿನ ಹೆಂಗಸರ ಫೋಟೋಗಳು ಪ್ರಸಿದ್ಧ. ಪ್ರವಾಸಿಗಳು ಅವುಗಳ ಅಂಚೆಕಾರ್ಡು ಕೊಳ್ಳುತ್ತಿದ್ದರು. ಆ ಹೆಂಗಸರು ಹೆಣೆದ, ಉಂಗುರದೊಳಗೆ ತೂರುವಷ್ಟು ತೆಳುವಾದ ಶಾಲುಗಳು ಶ್ರೀಮಂತರ ಹೆಗಲೇರುತ್ತಿದ್ದವು. ಆದರೆ 1872ರಲ್ಲಿ ಸರ್ಕಾರದ ವಿಚಾರಣಾ ಆಯೋಗದ ಮುಂದೆ ನಿಂತು ಅವರು ಹೇಳಿದ್ದು ಬೇರೆಯದೇ ಕಥೆ. ಅಂಗಡಿಯವರು ಶಾಲಿಗೆ ಬದಲಾಗಿ ಹಣ ಕೊಡುವುದಿಲ್ಲ, ಚಹಾಪುಡಿಯನ್ನೋ ಬಟ್ಟೆಯನ್ನೋ ಕೊಡುತ್ತಾರೆ. ಕೆಲವರು ಆ ಚಹಾವನ್ನೇ ಮತ್ತೆ ಯಾರಿಗೋ ಕೊಟ್ಟು ಆಹಾರ ಹೊಂದಿಸಿಕೊಳ್ಳಬೇಕಿತ್ತು. ಆ ಸಾಕ್ಷ್ಯಗಳನ್ನು ಓದುವಾಗ ನನಗೊಂದು ಹೊಳೆಯಿತು. ಒಂದು ಹೆಣಿಗೆಯನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದು ಸೋಮಾರಿತನ ಎನ್ನುತ್ತೇವಲ್ಲ, ಅದು ನಿಜಕ್ಕೂ ಒಂದು ಹಕ್ಕು. ಹೊಟ್ಟೆಪಾಡಿಗೆ ಹೆಣೆಯುವವರಿಗೆ ಆ ಹಕ್ಕು ಇರಲಿಲ್ಲ.

ಕ್ರೋಶಾದ ಚರಿತ್ರೆಯಲ್ಲಿ ಇದೇ ಮಾತು ತಲೆಕೆಳಗಾಗಿ ಬರುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ರೋಗಕ್ಕೆ ಸಿಕ್ಕಿ ಭೀಕರ ಕ್ಷಾಮ ಬಂತು. ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳ ಹೆಂಡತಿಯರು ಹಸಿದ ಮನೆಗಳ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ ಶುರುಮಾಡಿದ ಕೆಲಸ ದೊಡ್ಡ ಉದ್ಯಮವಾಯಿತು. ಇದರ ಗುಟ್ಟಿರುವುದು ಕೆಲಸ ಹಂಚಿಕೆಯಲ್ಲಿ. ಒಬ್ಬಳು ಗುಲಾಬಿ ಮಾತ್ರ ಹಾಕುತ್ತಾಳೆ, ಇನ್ನೊಬ್ಬಳು ಎಲೆ ಮಾತ್ರ, ಮತ್ತೊಬ್ಬಳು ದ್ರಾಕ್ಷಿಗೊಂಚಲು. ಕೊನೆಗೆ ಅವನ್ನೆಲ್ಲ ಬಟ್ಟೆಯ ಮೇಲೆ ಜೋಡಿಸಿ, ನಡುವೆ ಜಾಲರಿ ತುಂಬಿ, ಕಾಲರನ್ನೋ ನಿಲುವಂಗಿಯನ್ನೋ ಮಾಡುವವರು ಬೇರೆ. ಅಮ್ಮನದು ಒಬ್ಬಳ ಕೈಯಲ್ಲಿ ಏಳು ಕೆಲಸ. ಇಲ್ಲಿ ಒಂದು ಕೆಲಸ ಹತ್ತು ಜನರ ಕೈಯಲ್ಲಿ. ಜೀವಮಾನವಿಡೀ ಗುಲಾಬಿಗಳನ್ನೇ ಹಾಕಿದವಳು ಆ ಅಂಗಿಯನ್ನು ಪೂರ್ತಿಯಾಗಿ ನೋಡದೆಯೂ ಇರಬಹುದಿತ್ತು.

ಇದು ದೂರದ ಕಥೆಯೇನಲ್ಲ. ಪಕ್ಕದ ಆಂಧ್ರದ ಗೋದಾವರಿ ತೀರದಲ್ಲಿ, ನರಸಾಪುರದ ಸುತ್ತಮುತ್ತ, 19ನೇ ಶತಮಾನದಲ್ಲಿ ಮಿಷನರಿಗಳು ಕ್ರೋಶಾ ಕಲಿಸಿದರು. ಅಲ್ಲೂ ಹೂವು ಹಾಕುವವರು ಬೇರೆ, ಜೋಡಿಸುವವರು ಬೇರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರ ವಾದ ಸರಳ, ಆದರೆ ಚುಚ್ಚುವಂಥದ್ದು. ಈ ಹೆಂಗಸರು ವಿದೇಶಿ ಮಾರುಕಟ್ಟೆಗೆ ದುಡಿಯುತ್ತಿದ್ದಾರೆ, ಆದರೆ ಅವರನ್ನು ಕಾರ್ಮಿಕರೆಂದು ಯಾರೂ ಎಣಿಸುವುದಿಲ್ಲ. 'ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ' ಎಂಬ ಒಂದು ಮಾತಿನಿಂದಲೇ ಕೂಲಿಯನ್ನು ಅಷ್ಟು ಕೆಳಗೆ ಇಡಲು ಸಾಧ್ಯವಾಗಿದೆ. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಹೂವು ಹಾಕಿದವಳ ಹೆಸರು ಹೂವಿನ ಮೇಲೆ ಈಗಲೂ ಇರುವುದಿಲ್ಲ.

ಹಾಗಾದರೆ ಚೀಲದಲ್ಲಿ ನಾಲ್ಕೈದು ಕೆಲಸ ಇಟ್ಟುಕೊಳ್ಳುವ ಹವ್ಯಾಸ ಬಂದದ್ದೆಲ್ಲಿಂದ? ಅದು ಮಧ್ಯಮ ವರ್ಗದ ನಡುಮನೆಯಿಂದ. ಅದಕ್ಕೆ ಮುಖ್ಯ ಕಾರಣ ಅಚ್ಚಿನ ಯಂತ್ರ. 1840ರಲ್ಲಿ ಎಡಿನ್‌ಬರೋದ ಉಲ್ಲನ್ ವ್ಯಾಪಾರಿ ಜೇನ್ ಗಾಗನ್ ಹೆಣಿಗೆಯ ಮಾದರಿಗಳ ಪುಸ್ತಕವೊಂದನ್ನು ಹೊರತಂದಳು. ಅಂಥವು ಸಾಲುಸಾಲಾಗಿ ಬಂದವು. ಅದುವರೆಗೆ ಹೆಣಿಗೆಯ ವಿನ್ಯಾಸ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬರುತ್ತಿತ್ತು, ಗೊತ್ತಿದ್ದದ್ದು ನಾಲ್ಕು ನಮೂನೆ. ಈಗ ಒಂದು ಪುಸ್ತಕದಲ್ಲೇ ಹತ್ತಾರು. ಕೈಗಳು ಎರಡೇ, ಆಸೆಗಳು ಹತ್ತಾರು. ಅರ್ಧಕ್ಕೆ ನಿಂತ ಕೆಲಸಗಳ ಬುಟ್ಟಿ ಹುಟ್ಟುವುದು ಇಲ್ಲಿ.

ನಮ್ಮಲ್ಲಿಗೂ ಅದು ಬಂದದ್ದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಕಂಬಳಿ ನೇಯುವುದು ನಮ್ಮ ಹಾಲುಮತದವರ ಹಳೆಯ ಕಸುಬು, ಆದರೆ ಅದು ಮಗ್ಗದ್ದು. ಕಡ್ಡಿಯ ಹೆಣಿಗೆ, ಕ್ರೋಶಾ ಹರಡಿದ್ದು ಮಿಷನ್ ಶಾಲೆಗಳಿಂದ, ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಪಾಠಗಳಿಂದ. ಅಮ್ಮ ಕಲಿತದ್ದೂ ಶಾಲೆಯಲ್ಲೇ. ಆಮೇಲಿನದೆಲ್ಲ ವಾರಪತ್ರಿಕೆಗಳಿಂದ ಕತ್ತರಿಸಿಟ್ಟ ಪುಟಗಳು, ಪಕ್ಕದ ಮನೆಯವರ ಸ್ವೆಟರನ್ನು ತಿರುಗಿಸಿ ನೋಡಿ ಲೆಕ್ಕ ಹಾಕಿದ್ದು.

ಯುದ್ಧಗಳು ಈ ಬುಟ್ಟಿಯನ್ನು ಎರಡು ಸಲ ಖಾಲಿ ಮಾಡಿಸಿದವು. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ಹೆಂಗಸರೆಲ್ಲ ಸೈನಿಕರ ಕಾಲುಚೀಲಕ್ಕೆ ಕೂತರು. ಕಂದಕದ ಕೆಸರಲ್ಲಿ ಕಾಲು ಕೊಳೆಯದಿರಲು ಒಣ ಕಾಲುಚೀಲ ಬೇಕಿತ್ತು. ಎರಡನೆಯ ಯುದ್ಧದಲ್ಲಿ, 1941ರ ಜೂನ್ 1ರಿಂದ, ಬಟ್ಟೆಗೂ ಹೆಣಿಗೆಯ ಉಲ್ಲನ್ನಿಗೂ ಪಡಿತರ ಬಂತು. ಹಳೆಯದನ್ನು ಬಿಚ್ಚಿ ಹೊಸದು ಮಾಡಿ ಎಂದು ಸರ್ಕಾರವೇ ಕಿರುಹೊತ್ತಿಗೆ ಹಂಚಿತು. ಬಿಚ್ಚಿದ ಉಲ್ಲನ್ನು ಗುಂಗುರು ಗುಂಗುರಾಗಿರುತ್ತದೆ. ಲಡಿ ಸುತ್ತಿ, ನೀರಲ್ಲಿ ಅದ್ದಿ, ತೂಗುಹಾಕಿದರೆ ನೆಟ್ಟಗಾಗುತ್ತದೆ. ಅಮ್ಮನೂ ಹಾಗೇ ಮಾಡುತ್ತಿದ್ದಳು, ಪಡಿತರವಿಲ್ಲದಿದ್ದರೂ.

ಎರಡು ಯುದ್ಧಗಳ ನಡುವೆ, 1927ರಲ್ಲಿ, ವರ್ಜೀನಿಯಾ ವುಲ್ಫ್ 'ಟು ದ ಲೈಟ್‌ಹೌಸ್' ಬರೆದಳು. ವುಲ್ಫ್ ಸ್ವತಃ ಹೆಣೆಯುತ್ತಿದ್ದವಳು. ಕಾದಂಬರಿಯ ಮಿಸೆಸ್ ರಾಮ್ಸೆ ದೀಪಸ್ತಂಭ ಕಾಯುವವನ ಕಾಯಿಲೆಯ ಮಗನಿಗಾಗಿ ಕಾಲುಚೀಲ ಹೆಣೆಯುತ್ತಿರುತ್ತಾಳೆ. ಅಳತೆಗೆ ತನ್ನ ಮಗ ಜೇಮ್ಸನ ಕಾಲಿಗೆ ಹಿಡಿಯುತ್ತಾಳೆ, ಅವನು ಕಾಲು ಅಲ್ಲಾಡಿಸುತ್ತಾನೆ. ಆ ರಾತ್ರಿ ಅದು ಮುಗಿಯುವುದಿಲ್ಲವೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಮುಂದಿನ ಭಾಗದಲ್ಲಿ ಅವಳ ಸಾವು ಆವರಣ ಚಿಹ್ನೆಯೊಳಗಿನ ಒಂದು ವಾಕ್ಯವಾಗಿ ಬರುತ್ತದೆ, ಅಷ್ಟೆ. ತರಗತಿಯಲ್ಲಿ ಈ ಕಾದಂಬರಿಯ ಪ್ರಸ್ತಾಪ ಬಂದಾಗಲೆಲ್ಲ ಕಾಲದ ಬಗ್ಗೆ, ಯುದ್ಧದ ಬಗ್ಗೆ ಮಾತಾಡಿದ್ದೇನೆ. ಕಾಲುಚೀಲದ ಬಗ್ಗೆ ಮಾತಾಡಿರಲಿಲ್ಲ.

ಇಂದಿನವರು ಈ ಬುಟ್ಟಿಗೆ ಹೆಸರುಗಳನ್ನು ಕೊಟ್ಟಿದ್ದಾರೆ. 2007ರಲ್ಲಿ ಅಮೆರಿಕದಲ್ಲಿ ಶುರುವಾದ 'ರ‍್ಯಾವೆಲ್ರಿ' ಎಂಬ ಹೆಣಿಗೆಗಾರರ ಜಾಲತಾಣದಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸಗಳ ಸ್ಥಿತಿಯನ್ನು ದಾಖಲಿಸಬಹುದು. ನಡೆಯುತ್ತಿರುವುದು, ಮುಗಿದದ್ದು, ಶೀತನಿದ್ರೆಯಲ್ಲಿರುವುದು, ಬಿಚ್ಚಿಹಾಕಿದ್ದು. ಬಿಚ್ಚುವುದಕ್ಕೆ ಅವರ ಮಾತು 'ಫ್ರಾಗಿಂಗ್', ಎಂದರೆ ಕಪ್ಪೆಯಾಟ. ಇಂಗ್ಲಿಷಿನಲ್ಲಿ 'ಬಿಚ್ಚು ಅದನ್ನ' ಎಂಬ ಮಾತು ಕಪ್ಪೆಯ ವಟರಿನಂತೆ ಕೇಳುತ್ತದೆಂಬ ತಮಾಷೆ. ನಗು ಬಂದರೂ, ಈ ಪಟ್ಟಿಯಲ್ಲೊಂದು ವಿವೇಕವಿದೆ ಅನ್ನಿಸಿತು. ದೊಡ್ಡಮ್ಮನ ಹತ್ತಿರ ಇದ್ದದ್ದು ಎರಡೇ ಪದ, ಮುಗಿದದ್ದು ಮತ್ತು ಮುಗಿಯದ್ದು.

ಕೊನೆಗೆ ನನ್ನ ಕಸುಬಿನ ಕ್ರಮದಲ್ಲೇ ಕೂತೆ. ಒಂದು ನೋಟುಬುಕ್ ತೆರೆದು, ಅಮ್ಮನ ಏಳು ಕೆಲಸಗಳ ಪಟ್ಟಿ ಮಾಡಿದೆ. ಪ್ರತಿಯೊಂದರ ಎದುರು, ಅದು ಅವಳ ಕೈಯಲ್ಲಿ ಕಂಡ ಹೊತ್ತನ್ನು ನೆನಪಿನಿಂದ ಬರೆದೆ. ಬೂದು ಮಫ್ಲರ್ ಬಸ್ಸಿನದು. ಮೂಡಿಗೆರೆಯಿಂದ ಚಿಕ್ಕಮಗಳೂರಿನ ತಿರುವುಗಳಲ್ಲಿ ಕಣ್ಣು ಹಾಕದೆ ಹೆಣೆಯಬಹುದಾದ ಸಾದಾ ಸಾಲುಗಳು. ಬಿಳಿ ಚಕ್ರಗಳು ಕುಕ್ಕರ್ ಕೂಗುವವರೆಗಿನವು, ಒಂದು ಚಕ್ರಕ್ಕೆ ಮೂರು ಸೀಟಿಯ ಹೊತ್ತು ಸಾಕು. ಗಿಳಿಗಳ ತೋರಣ ಮಧ್ಯಾಹ್ನ ಯಾರಾದರೂ ಮಾತಿಗೆ ಬಂದಾಗಿನದು. ಜಾಲರಿ ಶಾಲು ಎಲ್ಲರೂ ಮಲಗಿದ ಮೇಲಿನದು, ಪ್ರತಿ ಸಾಲಿಗೂ ಎಣಿಕೆ ಬೇಕು, ನಡುವೆ ಯಾರೂ 'ಅಮ್ಮಾ' ಎನ್ನಬಾರದು. ಅದರ ಅಂಚಿಗೆ ಪಿನ್ನು ಮಾಡಿದ ಚೀಟಿಯಲ್ಲಿ ಅವಳ ಅಕ್ಷರದಲ್ಲಿ ಹನ್ನೊಂದನೆಯ ಸಾಲಿನ ಲೆಕ್ಕ ಇತ್ತು.

ಪಟ್ಟಿ ನೋಡುತ್ತ ಕೂತಾಗ ತಿಳಿಯಿತು. ಅಮ್ಮ ಒಂದು ಬಿಟ್ಟು ಒಂದು ಹಿಡಿಯುತ್ತಿರಲಿಲ್ಲ. ಅವಳ ದಿನವೇ ತುಂಡುತುಂಡಾಗಿತ್ತು, ಬೇರೆಯವರ ಊಟ ತಿಂಡಿ ಶಾಲೆ ಜ್ವರಗಳ ನಡುವೆ ಹರಿದು ಹಂಚಿಹೋಗಿತ್ತು. ಒಂದೊಂದು ತುಂಡಿಗೂ ಅದರ ಅಳತೆಯ ಒಂದು ಕೆಲಸ ಇಟ್ಟುಕೊಂಡಿದ್ದಳು. ಒಂದೇ ಹೆಣಿಗೆಯನ್ನು ಹಿಡಿದು ಮುಗಿಸಲು ಬೇಕಾದದ್ದು ಸ್ಥಿರಬುದ್ಧಿಯಲ್ಲ, ಸ್ಥಿರವಾದ ಹೊತ್ತು. ಅದನ್ನು ನಾವು ಯಾರೂ ಅವಳಿಗೆ ಕೊಟ್ಟಿರಲಿಲ್ಲ.

ನೀಲಿ ಸ್ವೆಟರ್ ಮಾತ್ರ ಈ ಲೆಕ್ಕಕ್ಕೆ ಬರಲಿಲ್ಲ. ಅದು ನನ್ನದು. ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಟ ವರ್ಷ ಶುರುಮಾಡಿದ್ದಳು. ಒಂದು ತೋಳು ಮುಗಿದಿತ್ತು, ಎರಡನೆಯದು ಮೊಣಕೈವರೆಗೆ ಬಂದಿತ್ತು. ದೀಪಾವಳಿಗೆ ಬಂದಾಗ "ಕೈ ಚಾಚು, ಅಳತೆ ಹಿಡೀತೀನಿ" ಎಂದಳು. "ಹಾಸ್ಟೆಲಲ್ಲಿ ಯಾರೂ ಮನೇಲಿ ಹಾಕಿದ್ದು ತೊಡಲ್ಲಮ್ಮ, ನಾನು ಅಂಗಡೀದೇ ತಗೋತೀನಿ" ಎಂದೆ. ಅವಳು ಏನೂ ಅನ್ನಲಿಲ್ಲ. ಕಡ್ಡಿಯನ್ನು ಕುಣಿಕೆಗಳ ಕಡೆಗೆ ದೂಡಿ, ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು. ಆ ರಬ್ಬರ್ ಬ್ಯಾಂಡ್ ಈಗ ಮುಟ್ಟಿದರೆ ಪುಡಿಯಾಯಿತು.

2022ರಲ್ಲಿ ಅಮೆರಿಕದ ಇಬ್ಬರು ಗೆಳತಿಯರು 'ಲೂಸ್ ಎಂಡ್ಸ್' ಎಂಬ ಸಂಸ್ಥೆ ಕಟ್ಟಿದ್ದಾರೆ. ತೀರಿಕೊಂಡವರು ಅರ್ಧ ಬಿಟ್ಟುಹೋದ ಹೆಣಿಗೆ, ಕ್ರೋಶಾ, ಕೌದಿಗಳನ್ನು ಗುರುತಿಲ್ಲದ ಸ್ವಯಂಸೇವಕರು ಮುಗಿಸಿ, ಮನೆಯವರಿಗೆ ಹಿಂದಿರುಗಿಸುತ್ತಾರೆ. ಒಬ್ಬರ ಕೈಯ ಬಿಗುವು ಇನ್ನೊಬ್ಬರದಲ್ಲ, ಆದ್ದರಿಂದ ಎಲ್ಲಿ ಕೈ ಬದಲಾಯಿತೆಂದು ಹತ್ತಿರದಿಂದ ನೋಡಿದರೆ ತಿಳಿಯಬಹುದು. ಆ ಗುರುತೇ ನನಗೆ ಇಷ್ಟವಾಯಿತು. ಶಾಲನ್ನು ಅಮ್ಮನ ಗೆಳತಿಯೊಬ್ಬರಿಗೆ ಚೀಟಿಯ ಸಮೇತ ಕೊಟ್ಟಿದ್ದೇನೆ, ಹನ್ನೊಂದನೆಯ ಸಾಲಿನಿಂದ ಅವರು ಮುಂದುವರಿಸುತ್ತಿದ್ದಾರೆ. ಬಿಳಿ ಚಕ್ರಗಳನ್ನು ಅಕ್ಕ ಜೋಡಿಸುತ್ತಾಳಂತೆ. ಮಫ್ಲರನ್ನು ನಾನು ಇಟ್ಟುಕೊಂಡೆ. ಅದೇ ಗೆಳತಿಯಿಂದ ಸಾದಾ ಸಾಲು ಕಲಿತೆ. ನನ್ನ ಸಾಲುಗಳು ಬಿಗಿ, ಅಮ್ಮನವು ಸಡಿಲ. ಗೇಣುದ್ದದ ಮೇಲೆ ನಾಲ್ಕು ಬೆರಳು ಬೆಳೆದಿದೆ.

ಸ್ವೆಟರನ್ನು ಮುಗಿಸುವುದಿಲ್ಲ. ಹದಿನೇಳರ ಹುಡುಗನ ಅಳತೆಯದು, ಆ ತೋಳು ಈಗ ಎಲ್ಲೂ ಇಲ್ಲ. ಬಿಚ್ಚುವುದೂ ಇಲ್ಲ. ಕಡ್ಡಿಗೆ ತುಕ್ಕು ಹತ್ತುತ್ತಿತ್ತು, ಅದಕ್ಕೆ ಮನೆಗಳನ್ನೆಲ್ಲ ಒಂದೊಂದಾಗಿ ಹತ್ತಿಯ ದಾರಕ್ಕೆ ಇಳಿಸಿ, ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಿಂದಕ್ಕಿಟ್ಟೆ. ನೋಟುಬುಕ್ಕಿನಲ್ಲಿ ಅದರ ಎದುರಿಗೆ ಮೊದಲು 'ಅಪೂರ್ಣ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ 'ಅಳತೆ ಬಾಕಿ' ಎಂದು ಬರೆದೆ.